ದೇಚಮ್ಮನವರ ಎರಡನೆಯ ಎಲೆ

ದೆಹಲಿಯ ಮಯೂರ್ ವಿಹಾರ್‌ನ ನಮ್ಮ ಸೊಸೈಟಿಯಲ್ಲಿ ಚಳಿಗಾಲದ ಮಧ್ಯಾಹ್ನಗಳೆಲ್ಲ ತಾರಸಿಯ ಮೇಲೆಯೇ ಕಳೆಯುತ್ತಿದ್ದವು. ಮನೆಯೊಳಗೆ ಗೋಡೆ ಮುಟ್ಟಿದರೆ ಕೈ ಕೊರೆಯುತ್ತಿತ್ತು. ಬಿಸಿಲು ಬೀಳುತ್ತಿದ್ದದ್ದು ಅಲ್ಲಿ ಮಾತ್ರ. ಹೆಂಗಸರು ಚಾಪೆ ಹಾಸಿಕೊಂಡು ಬಟಾಣಿ ಸುಲಿಯುತ್ತ, ಸ್ವೆಟರ್ ಹೆಣೆಯುತ್ತ ಕೂರುತ್ತಿದ್ದರು. ಅವರ ನಡುವೆ, ನೆರಿಗೆ ಹಿಂದಕ್ಕೆ ಬರುವಂತೆ ಕೊಡಗಿನ ರೀತಿಯಲ್ಲಿ ಸೀರೆಯುಟ್ಟು ಬೆನ್ನು ನೆಟ್ಟಗಿಟ್ಟುಕೊಂಡು ಕೂತಿರುತ್ತಿದ್ದವರು ದೇಚಮ್ಮ. ಅವರ ಮನೆ ಮೊದಲ ಮಹಡಿಯಲ್ಲಿತ್ತು, ನಮ್ಮದು ಅದರ ಮೇಲೆ. ಆ ಮೆಟ್ಟಿಲಿನಲ್ಲಿ ಕನ್ನಡ ಮಾತಾಡುವ ಮನೆಗಳು ಇವೆರಡೇ ಆದ್ದರಿಂದ ನನ್ನ ಹೆಂಡತಿ ಲೀಲಾವತಿಗೆ ಅವರೇ ಊರು, ಅವರೇ ತವರು. ಇಲ್ಲಿ ಬರೆದಿರುವುದರಲ್ಲಿ ಹೆಚ್ಚಿನದನ್ನು ದೇಚಮ್ಮನವರೇ ಆ ಬಿಸಿಲಿನಲ್ಲಿ ಕೂತು ಅವಳಿಗೆ ಹೇಳಿದ್ದರು. ಉಳಿದದ್ದು ನಾವು ಕಂಡದ್ದು.

ಅವರು ಹುಟ್ಟಿದ್ದು ವಿರಾಜಪೇಟೆಯ ಹತ್ತಿರದ ಒಂದು ಹಳ್ಳಿಯಲ್ಲಿ. ಗಂಡ ಮೊಣ್ಣಪ್ಪ ಸೈನ್ಯದಲ್ಲಿದ್ದವರು. ಮದುವೆಯಾದ ಮೇಲೆ ಅವರ ಸಂಸಾರವೆಲ್ಲ ಕಪ್ಪು ಬಣ್ಣ ಬಳಿದ ತಗಡಿನ ಟ್ರಂಕುಗಳಲ್ಲಿ ಊರೂರು ತಿರುಗಿತು. ಅಂಬಾಲಾ, ಪಠಾಣ್‌ಕೋಟ್, ಬಬೀನಾ, ಮತ್ತೆ ಅಂಬಾಲಾ. ಎಲ್ಲಿ ಹೋದರೂ ಮೊದಲು ಒಲೆ, ಆಮೇಲೆ ಪರದೆ, ಕೊನೆಗೆ ಹಾಸಿಗೆ. ಸಂಜೆಯೊಳಗೆ ಮನೆ ಮನೆಯಂತಾಗಬೇಕು ಎನ್ನುವುದು ಅವರ ಲೆಕ್ಕ.

ಸೈನ್ಯದವರ ಮನೆಗಳಲ್ಲಿ ಪೋಸ್ಟಿಂಗ್ ಎರಡು ಬಗೆ. ಹೆಂಡತಿ ಮಕ್ಕಳನ್ನು ಕರೆದೊಯ್ಯಬಹುದಾದ ಊರಿಗೆ ಹೋದರೆ ಅದು ಪೀಸ್. ಅವರನ್ನು ಬಿಟ್ಟು ಒಬ್ಬರೇ ಗಡಿಗೆ ಹೋದರೆ ಅದು ಫೀಲ್ಡ್. ಫೀಲ್ಡ್‌ಗೆ ಹೋದವರು ಯಾವಾಗ ಬರುತ್ತಾರೆ ಎಂದು ಯಾರೂ ಕೇಳುವುದಿಲ್ಲ. ಮೊಣ್ಣಪ್ಪನವರು ಹಾಗೆ ರಾಜಸ್ಥಾನದ ಗಡಿಗೆ ಹೋದಾಗಲೆಲ್ಲ ಒಬ್ಬನೇ ಮಗ ಯಶ್ವಂತ ಅಮ್ಮನ ಸೆರಗು ಹಿಡಿದು ಕೇಳುತ್ತಿದ್ದ: “ಅಪ್ಪ ಎಲ್ಲಿ?”

“ಅಪ್ಪ ಮರಳಲ್ಲಿ ಟೆಂಟ್ ಹಾಕ್ಕೊಂಡಿದ್ದಾರೆ. ಅಲ್ಲಿಗೆ ನಾವು ಹೋಗೋ ಹಾಗಿಲ್ಲ. ಕೆಲಸ ಮುಗಿದ ಮೇಲೆ ಬರ್ತಾರೆ.”

ಪ್ರತಿ ಸಲವೂ ಮೊಣ್ಣಪ್ಪ ಬಂದರು. ಬೂಟು ಬಿಚ್ಚಿ ಕೊಡವಿದರೆ ಬಾಗಿಲ ಬಳಿ ಒಂದು ಹಿಡಿ ಮರಳು ಉದುರುತ್ತಿತ್ತಂತೆ. ಯಶ್ವಂತ ಅದನ್ನು ಬೆಂಕಿಪೊಟ್ಟಣದಲ್ಲಿ ತುಂಬಿ ಇಟ್ಟುಕೊಳ್ಳುತ್ತಿದ್ದನಂತೆ.

ಮಗನ ಬಗ್ಗೆ ದೇಚಮ್ಮನವರು ಎಲ್ಲರಿಗೂ ಹೇಳುತ್ತಿದ್ದ ಒಂದು ತಮಾಷೆ ಇತ್ತು. ಹುತ್ತರಿ ಹಬ್ಬಕ್ಕೆ ಕೊಡವರು ತಂಬುಟ್ಟು ಮಾಡುತ್ತಾರೆ. ಬಾಳೆಹಣ್ಣನ್ನು ಕಿವುಚಿ, ಹುರಿದ ಅಕ್ಕಿಯ ಹಿಟ್ಟು ಕಲಸಿ, ತುಪ್ಪ, ಎಳ್ಳು, ತೆಂಗಿನತುರಿ ಹಾಕಿ ತಿನ್ನುವ ಸಿಹಿ ಅದು. ಯಶ್ವಂತ ಅದಕ್ಕೆ ಮಾವಿನ ಉಪ್ಪಿನಕಾಯಿ ನಂಜಿಕೊಳ್ಳುತ್ತಿದ್ದ.

“ತಂಬುಟ್ಟಿಗೆ ಉಪ್ಪಿನಕಾಯಿ! ಇಡೀ ಕೊಡಗು ಹುಡುಕಿದ್ರೂ ಇಂಥವನು ಇನ್ನೊಬ್ಬ ಸಿಗಲ್ಲ. ಇವನನ್ನ ಹೆತ್ತಿದ್ದು ನಾನೋ, ಪಠಾಣ್‌ಕೋಟ್ ಆಸ್ಪತ್ರೆಯಲ್ಲಿ ಅದಲು ಬದಲಾಯ್ತೋ!” ಎಂದು ನಗುತ್ತಿದ್ದರು. ಮುಂದೆ ಮೊಮ್ಮಗಳು ಪೂವಮ್ಮ, ಎಲ್ಲರ ಬಾಯಲ್ಲಿ ಪೂವಿ, ಆ ತಮಾಷೆಯನ್ನು ಕೇಳಿ ಕೇಳಿ ತಾನೇ ಹೇಳುವಷ್ಟು ಕಲಿತಿದ್ದಳು. ಅಜ್ಜಿಯಂತೆಯೇ ಹಣೆಗೆ ಕೈ ಹಚ್ಚಿಕೊಂಡು, “ಇಡೀ ಕೊಡಗಲ್ಲಿ ಪಾಪಾ ಒಬ್ಬರೇ!” ಎನ್ನುತ್ತಿದ್ದಳು.

ನಿವೃತ್ತಿಯ ನಂತರ ಮೊಣ್ಣಪ್ಪನವರಿಗೆ ನೋಯ್ಡಾದ ಕಾರ್ಖಾನೆಯೊಂದರಲ್ಲಿ ಸೆಕ್ಯುರಿಟಿ ಮೇಲ್ವಿಚಾರಕನ ಕೆಲಸ ಸಿಕ್ಕಿತು. ಟ್ರಂಕುಗಳು ಮಯೂರ್ ವಿಹಾರ್‌ಗೆ ಬಂದು ನಿಂತವು. ಯಶ್ವಂತ ಅಷ್ಟರಲ್ಲಿ ಸೈನ್ಯದ ಎಂಜಿನಿಯರ್ ದಳ ಸೇರಿ, ಮೈಸೂರಿನಲ್ಲಿ ಬೆಳೆದ ಪ್ರೇರಣಾಳನ್ನು ಮದುವೆಯಾಗಿದ್ದ. ಪೂವಿ ಹುಟ್ಟಿದ ವರ್ಷವೇ ಮೊಣ್ಣಪ್ಪನವರು ಎದೆನೋವಿನಿಂದ ತೀರಿಕೊಂಡರು. ಹಾಲ್‌ನಲ್ಲಿ ಅವರ ಫೋಟೋ ತೂಗುಹಾಕಿ ಶ್ರೀಗಂಧದ ಹಾರ ಹಾಕಿದರು. ಹಬ್ಬದ ದಿನ ಊಟಕ್ಕೆ ಮೊದಲು ಬಾಳೆಎಲೆಯ ತುಂಡಿನಲ್ಲಿ ಅವರಿಗೆಂದು ಎಡೆ ಇಡುವುದು ಶುರುವಾಯಿತು. ಗತಿಸಿದವರಿಗೆ, ಅವರು ಬದುಕಿದ್ದಾಗ ಇಷ್ಟಪಟ್ಟದ್ದನ್ನು ಬಡಿಸಿ ಇಡುವ ಈ ಪದ್ಧತಿಗೆ ಕೊಡವರು ಮೀದಿ ಎನ್ನುತ್ತಾರೆ. ಮೊಣ್ಣಪ್ಪನವರ ಎಲೆಯಲ್ಲಿ ತಿಂಡಿಯ ಪಕ್ಕ ಒಂದು ಸಣ್ಣ ಲೋಟದಲ್ಲಿ ರಮ್ ಕೂಡ ಇರುತ್ತಿತ್ತು. ಪೂವಿ ಮಾತು ಕಲಿತ ಮೇಲೆ ಕೇಳಿದ್ದಳು, “ಅಜ್ಜ ಬಂದು ತಿಂತಾರಾ?” ಎಂದು.

“ಬರ್ತಾರೆ. ಸತ್ತು ಹೋದವರು ಹೀಗೇ ಬರೋದು. ನಮಗೆ ಕಾಣಲ್ಲ,” ಎಂದಿದ್ದರು ದೇಚಮ್ಮ.

ಎರಡು ಸಾವಿರದ ಎರಡರಲ್ಲಿ ಗಡಿಯ ಉದ್ದಕ್ಕೂ ಸೈನ್ಯ ತಿಂಗಳುಗಟ್ಟಲೆ ನಿಂತಿದ್ದದ್ದು ಎಲ್ಲರಿಗೂ ನೆನಪಿರಬಹುದು. ಮರಳಿನಲ್ಲಿ ಹೂತಿದ್ದ ನೆಲಬಾಂಬುಗಳನ್ನು ಆಮೇಲೆ ಒಂದೊಂದಾಗಿ ತೆಗೆಯಬೇಕಾಯಿತು. ಬಿಕಾನೇರ್‌ನ ಆಚೆ ಆ ಕೆಲಸದಲ್ಲಿದ್ದಾಗ ಯಶ್ವಂತ ಸತ್ತ. ಮರಳು ಗಾಳಿಗೆ ಜರುಗುತ್ತದೆ, ಇಟ್ಟದ್ದು ಇಟ್ಟಲ್ಲಿ ಇರುವುದಿಲ್ಲ ಎಂದು ಅವನ ಜೊತೆಯವರು ಬಂದು ಹೇಳಿದರು.

ಆ ವಾರ ಪೂವಿಗೆ ಸೀತಾಳೆ ಸಿಡುಬು. ಮೂರು ವರ್ಷದ ಮಗು, ಮೈತುಂಬ ಗುಳ್ಳೆ. ದೇಹವನ್ನು ಕೊಡಗಿಗೆ ಒಯ್ಯುವುದೆಂದಾಯಿತು. ಆರು ತಿಂಗಳ ಬಸುರಿ ಪ್ರೇರಣಾಳೂ ದೇಚಮ್ಮನವರೂ ಹೊರಟರು, ಪೂವಿಯನ್ನು ಲೀಲಾವತಿ ಇಟ್ಟುಕೊಂಡಳು. ಬೇವಿನ ಸೊಪ್ಪಿನ ಮೇಲೆ ಮಲಗಿಸಿ ಕಥೆ ಹೇಳಿದಳು. ಮಗುವಿಗೆ ಏನೂ ಗೊತ್ತಾಗಲಿಲ್ಲ.

ಅವರು ಹಿಂತಿರುಗಿದ ದಿನ ಪೂವಿ ಮೆಟ್ಟಿಲ ಮೇಲೆಯೇ ಕೇಳಿದಳು: “ಪಾಪಾ ಎಲ್ಲಿ?”

ಪ್ರೇರಣಾ ಕಂಬಿ ಹಿಡಿದು ನಿಂತಳು. ಅವಳ ಬಾಯಿಂದ ಮಾತು ಹೊರಡುವ ಮೊದಲು ದೇಚಮ್ಮನವರು ಹೇಳಿಬಿಟ್ಟರು: “ಪಾಪಾ ಮರಳಲ್ಲಿ ಟೆಂಟ್ ಹಾಕ್ಕೊಂಡಿದ್ದಾರೆ ಮಗಾ. ಅಲ್ಲಿಗೆ ನಾವು ಹೋಗೋ ಹಾಗಿಲ್ಲ. ಕೆಲಸ ಮುಗಿದ ಮೇಲೆ ಬರ್ತಾರೆ.”

ಯೋಚಿಸಿ ಹೇಳಿದ್ದಲ್ಲ ಎಂದು ಅವರು ಎಷ್ಟೋ ಸಲ ಹೇಳಿದ್ದರು. ಅಪ್ಪ ಎಲ್ಲಿ ಎಂದು ಮಗು ಕೇಳಿದರೆ ಕೊಡುವ ಉತ್ತರ ಅವರಲ್ಲಿ ಇದ್ದದ್ದು ಅದೊಂದೇ. ಅದು ಯಾವತ್ತೂ ಸುಳ್ಳಾಗಿರಲಿಲ್ಲ.

ಬೇರೆ ಮನೆಯಾಗಿದ್ದರೆ ಇಂಥ ಸುಳ್ಳು ವಾರವೂ ನಿಲ್ಲುತ್ತಿರಲಿಲ್ಲ. ಸೈನ್ಯದ ಮನೆಯಲ್ಲಿ ಅದು ಮೂರು ವರ್ಷ ನಿಂತಿತು. ಅಪ್ಪ ಫೀಲ್ಡ್‌ನಲ್ಲಿದ್ದಾರೆ ಎಂದರೆ ಶಾಲೆಯ ಆಯಾ ಕೂಡ “ಅಚ್ಛಾ” ಎಂದು ತಲೆಯಾಡಿಸುತ್ತಿದ್ದಳು. ಯಶ್ವಂತನ ಫೋಟೋಗೆ ಹಾರ ಬೀಳಲಿಲ್ಲ. ಪ್ರತಿ ತಿಂಗಳೂ ದೇಚಮ್ಮನವರು ಎರಡು ಬಸ್ಸು ಬದಲಿಸಿ ಕಂಟೋನ್ಮೆಂಟಿನ ಕ್ಯಾಂಟೀನಿಗೆ ಹೋಗಿ ಸಾಮಾನು ತರುವಾಗ ಎರಡು ಚಾಕೊಲೇಟ್ ತರುತ್ತಿದ್ದರು. ಬಾಗಿಲಲ್ಲೇ ನಿಂತು ಕೂಗುತ್ತಿದ್ದರು: “ಪಾಪಾ ಕಳಿಸಿದ್ದಾರೆ ನೋಡಿ!” ಒಂದು ಪೂವಿಗೆ, ಇನ್ನೊಂದು ಅಪ್ಪನ ಮುಖವನ್ನೇ ನೋಡದೆ ಹುಟ್ಟಿದ ಬೋಪಣ್ಣನಿಗೆ.

ಆದರೆ ಮಗನನ್ನು ಉಪವಾಸವಿಡುವುದು ಅವರಿಂದಾಗಲಿಲ್ಲ. ಹಬ್ಬದ ದಿನ ಮಕ್ಕಳ ಕಣ್ಣೆದುರು ಹಾಲ್‌ನಲ್ಲಿ ಮೊಣ್ಣಪ್ಪನವರಿಗೆ ಒಂದು ಎಲೆ. ಮಕ್ಕಳು ಕೆಳಗೆ ಆಡಲು ಹೋದ ಮೇಲೆ ಅಡುಗೆಮನೆಯ ಹಿಂದಿನ ಬಾಲ್ಕನಿಯಲ್ಲಿ, ಬಟ್ಟೆ ಒಣಗಿಸುವ ತಂತಿಯ ಕೆಳಗೆ, ಇನ್ನೊಂದು ಎಲೆ. ಅದರಲ್ಲಿ ಉಪ್ಪಿನಕಾಯಿ. ಅಳಿಲುಗಳು ಬಂದು ತಿನ್ನುತ್ತಿದ್ದವು. ಲೀಲಾವತಿ ಮೇಲಿನಿಂದ ಅದನ್ನು ಕಂಡಿದ್ದಳು. ಯಾವತ್ತೂ ಕೇಳಲಿಲ್ಲ.

ಪೂವಿ ಒಂದನೇ ಕ್ಲಾಸಿಗೆ ಬಂದಳು. ಶಾಲೆಯ ವಾರ್ಷಿಕೋತ್ಸವಕ್ಕೆ ತನ್ನ ಪಾಪಾ ಮರಳುಗಾಡಿನಿಂದ ಒಂಟೆಯ ಮೇಲೆ ಬರುತ್ತಾರೆ ಎಂದು ಇಡೀ ಕ್ಲಾಸಿಗೆ ಹೇಳಿದಳು. ಟೀಚರ್ ಪ್ರೇರಣಾಳನ್ನು ಕರೆಸಿ, ನೀವು ಹೇಳದಿದ್ದರೆ ಯಾವನಾದರೂ ಹುಡುಗ ಹೇಳುತ್ತಾನೆ, ಆಗ ಮಗು ತಡೆದುಕೊಳ್ಳಲಾರದು ಎಂದರು. ಆವತ್ತು ನೋಯ್ಡಾದ ಆಫೀಸಿಗೆ ಹೋಗದೆ ಪ್ರೇರಣಾ ಮನೆಗೆ ಬಂದು ಅತ್ತೆಯ ಮುಂದೆ ಕೂತಳು. ಅತ್ತೆಯನ್ನು ಅವಳು ಕೊಡವರಂತೆ ಮಾವಿ ಎಂದು ಕರೆಯುತ್ತಿದ್ದಳು.

“ಹೇಳಲೇಬೇಕು ಮಾವಿ.”

“ಇನ್ನೊಂದು ವರ್ಷ ಹೋಗಲಿ.”

“ಹೋದ ವರ್ಷವೂ ನೀವು ಇದನ್ನೇ ಹೇಳಿದ್ರಿ.”

“ಹೇಳಿದ್ರೆ ಏನಾಗುತ್ತೆ ಗೊತ್ತಾ ನಿನಗೆ?” ದೇಚಮ್ಮನವರ ದನಿ ಏರಿತು. “ಈಗ ಆ ಮಗು ಬೆಳಿಗ್ಗೆ ಎದ್ದು ಗುಡ್ ಮಾರ್ನಿಂಗ್ ಪಾಪಾ ಅಂತ ಫೋಟೋಗೆ ಹೇಳ್ತಾಳಲ್ಲ, ಈ ಮನೇಲಿ ಅವನು ಇರೋದು ಅಷ್ಟೊತ್ತು ಮಾತ್ರ. ಅದನ್ನೂ ತೆಗೀತೀಯಾ?”

ಪ್ರೇರಣಾ ಅಳಲಿಲ್ಲ. “ನನಗೆ ಅವರು ಅಷ್ಟೊತ್ತೂ ಇಲ್ಲ ಮಾವಿ,” ಎಂದಳು. “ಅವಳು ಗುಡ್ ಮಾರ್ನಿಂಗ್ ಹೇಳುವಾಗ ನಾನು ಬಾತ್‌ರೂಮಿನ ನಲ್ಲಿ ಬಿಟ್ಕೊಂಡು ನಿಲ್ತೀನಿ. ನಿಮಗೆ ಗೊತ್ತಿಲ್ವಾ?”

ದೇಚಮ್ಮನವರಿಗೆ ಗೊತ್ತಿತ್ತು.

ಹೊರಡುವ ಮಾತೆತ್ತಿದ್ದು ಪೂವಿಯೇ. ಪಾಪಾ ಬರಲು ಆಗದಿದ್ದರೆ ನಾವೇ ಹೋಗಿ ಟೆಂಟ್‌ನಲ್ಲಿ ಇರೋಣ ಎಂದು ಹಟ ಹಿಡಿದಳು. ಬಿಕಾನೇರ್‌ನ ಹತ್ತಿರ ಮರಳು ದಿಬ್ಬಗಳ ನಡುವೆ ಸಂಸಾರವಂದಿಗರಿಗೆ ಟೆಂಟ್ ಕೊಡುತ್ತಾರೆ, ಒಂಟೆ ಹತ್ತಿಸುತ್ತಾರೆ ಎಂದು ಪ್ರೇರಣಾ ಆಫೀಸಿನಲ್ಲಿ ವಿಚಾರಿಸಿಕೊಂಡು ಬಂದಳು. ಒಂದು ರಾತ್ರಿ ಅಲ್ಲಿರುವುದು. ಬೆಳಿಗ್ಗೆ, ಮಕ್ಕಳು ಒಂಟೆ ಹತ್ತಿ ಇಳಿದ ಮೇಲೆ, ಪೂವಿಗೆ ಹೇಳುವುದು. ಪಾಪಾ ತೀರಿಹೋದ ಜಾಗವನ್ನಾದರೂ ಅವಳು ಕಂಡ ಹಾಗಾಗುತ್ತದೆ ಎಂದಳು.

“ಬರ್ತೀನಿ. ಆದರೆ ನಾನು ಬಾಯಿ ಬಿಡಲ್ಲ. ಹೇಳೋದು ನಿನ್ನ ಕೆಲಸ,” ಎಂದರು ದೇಚಮ್ಮ.

ಹೊರಡುವ ದಿನ ಗೊತ್ತಾದ ಮೇಲೆ ತಿಳಿಯಿತು, ಟೆಂಟ್‌ನಲ್ಲಿರುವ ದಿನವೇ ಹುತ್ತರಿ. ದೇಚಮ್ಮನವರು ಬಾಳೆಹಣ್ಣು, ಹುರಿದ ಹಿಟ್ಟು, ತುಪ್ಪದ ಡಬ್ಬಿ ಕಟ್ಟಿದರು. ಮಲೆಯಾಳಿ ಅಂಗಡಿಯಿಂದ ತಂದ ಬಾಳೆಎಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿದರು. ಹಾರ್ಲಿಕ್ಸ್ ಬಾಟಲಿಯಲ್ಲಿ ಉಪ್ಪಿನಕಾಯಿ ತುಂಬುವುದನ್ನು ಕಂಡು ಪ್ರೇರಣಾ, “ಅಲ್ಲಿ ಇದೆಲ್ಲ ಬೇಡ ಮಾವಿ,” ಎಂದಳು.

“ಹಬ್ಬದ ದಿನ ಅವರನ್ನ ಉಪವಾಸ ಕೆಡವಲಾ? ನೀವೆಲ್ಲ ಮಲಗಿದ ಮೇಲೆ ಆ ಕಡೆ ಎಲ್ಲಾದ್ರೂ ಇಟ್ಟು ಬರ್ತೀನಿ. ಮರಳಿಗೇನು ಬರ ಅಲ್ಲಿ?”

ಸರಾಯ್ ರೋಹಿಲ್ಲಾ ಸ್ಟೇಷನ್ನಿನಿಂದ ರಾತ್ರಿಯ ರೈಲು, ಬಿಕಾನೇರ್‌ನಿಂದ ಜೀಪು. ಮರಳು ಕಾಣಿಸಿಕೊಂಡ ಕೂಡಲೇ ಬೋಪಣ್ಣ, “ಇತ್ನೀ ಸಾರೀ ಮಿಟ್ಟೀ!” ಇಷ್ಟೊಂದು ಮಣ್ಣು ಎಂದು ಕಿರುಚಿ, ಇಳಿದವನೇ ಎರಡೂ ಶೂಗಳಲ್ಲಿ ಮರಳು ತುಂಬತೊಡಗಿದ. ಟೆಂಟ್‌ಗಳು ಖಾಕಿ ಬಣ್ಣದ ದಪ್ಪ ಬಟ್ಟೆಯವು. ಪೂವಿ ಒಂದೊಂದರ ಪರದೆಯನ್ನೂ ಎತ್ತಿ ಇಣುಕಿ ಬಂದಳು. ಏನು ಹುಡುಕುತ್ತಿದ್ದಾಳೆಂದು ಯಾರೂ ಕೇಳಲಿಲ್ಲ.

ಟೆಂಟ್‌ಗಳನ್ನು ನೋಡಿಕೊಳ್ಳುತ್ತಿದ್ದ ಉಮೇದ್ ಸಿಂಗ್ ಎಂಬ ನಡುವಯಸ್ಸಿನವನು ಒಳ್ಳೆಯ ಮಾತುಗಾರ. ಬೋಪಣ್ಣನನ್ನು ಒಂಟೆಯ ಎದುರು ಎತ್ತಿ ಹಿಡಿದು, “ದೇಖೋ, ಇಸ್ಕೇ ದಾಂತ್ ತುಮ್ಹಾರೀ ದಾದೀ ಸೇ ಅಚ್ಛೇ ಹೈಂ,” ಎಂದ, ಇದರ ಹಲ್ಲು ನಿಮ್ಮಜ್ಜಿಯ ಹಲ್ಲಿಗಿಂತ ಚೆನ್ನಾಗಿದೆ ಅಂತ.

“ಭಯ್ಯಾ, ದಾದೀ ಕೇ ದಾಂತ್ ಅಸಲೀ ಹೈಂ, ಗಿನ್ ಲೋ!” ಎಂದು ದೇಚಮ್ಮನವರೂ ಬಿಡದೆ, ತಮ್ಮವು ಅಸಲಿ ಹಲ್ಲು, ಬೇಕಾದರೆ ಎಣಿಸಿಕೋ ಎಂದು ತೋರಿಸಿದರು. ಎಲ್ಲರೂ ನಕ್ಕರು. ಆ ಇಡೀ ಪ್ರವಾಸದಲ್ಲಿ ಎಲ್ಲರೂ ಒಟ್ಟಿಗೆ ನಕ್ಕದ್ದು ಅದೊಂದೇ ಸಲ.

ಆ ನಗುವಿನ ಮಧ್ಯೆಯೇ ಪೂವಿ ಉಮೇದ್ ಸಿಂಗನ ಪಂಚೆ ಜಗ್ಗಿ, ತನ್ನ ಪಾಪಾ ಕೂಡ ಇಲ್ಲೇ ಟೆಂಟಿನಲ್ಲಿರುವ ಸೈನಿಕರು ಎಂದು ಹೇಳಿದಳು: “ಅಂಕಲ್, ಮೇರೇ ಪಾಪಾ ಭೀ ಯಹೀಂ ಟೆಂಟ್ ಮೇ ರಹತೇ ಹೈಂ. ಫೌಜೀ ಹೈಂ.”

ಅವನಿಗೇನು ಗೊತ್ತು? “ಅಚ್ಛಾ! ಫೌಜೀ ಲೋಗ್ ತೋ ಉಧರ್ ಹೈಂ,” ಎಂದು ಸೂರ್ಯ ಇಳಿಯುತ್ತಿದ್ದ ಕಡೆ ಕೈ ತೋರಿಸಿದ.

ಪೂವಿ ಹತ್ತಿರದ ದಿಬ್ಬವನ್ನು ಜಾರುತ್ತ ಏಳುತ್ತ ಹತ್ತಿದಳು. ತುದಿಯಲ್ಲಿ ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ಆಮೇಲೆ ಆ ಖಾಲಿ ಬಯಲಿನ ಕಡೆ ಎರಡೂ ಕೈ ಎತ್ತಿ ಬೀಸತೊಡಗಿದಳು. ರೈಲಿನಲ್ಲಿ ಹೊರಟವರಿಗೆ ಬೀಸುವ ಹಾಗೆ, ತುಂಬ ಹೊತ್ತು ಬೀಸಿದಳು. ಪ್ರೇರಣಾ ಟೆಂಟಿನೊಳಕ್ಕೆ ಹೋಗಿ, ಬೋಪಣ್ಣನಿಗೆ ಸ್ವೆಟರ್ ಹುಡುಕುವವಳಂತೆ ಚೀಲಕ್ಕೆ ಮುಖ ಹಾಕಿದಳು.

ದೇಚಮ್ಮನವರು ಹೊರಗೆ ಜಮಖಾನದ ಮೇಲೆ ಕೂತು ಮೊಮ್ಮಗಳನ್ನೇ ನೋಡುತ್ತಿದ್ದರು. ಕೈಯಡಿಯ ಮರಳು ಇನ್ನೂ ಬೆಚ್ಚಗಿತ್ತು. ಬಾಗಿಲಲ್ಲಿ ಮೊಣ್ಣಪ್ಪನವರ ಬೂಟಿನಿಂದ ಉದುರುತ್ತಿದ್ದದ್ದು ಇದೇ ಮರಳು. ಮಗ ಬೆಂಕಿಪೊಟ್ಟಣದಲ್ಲಿ ತುಂಬಿಡುತ್ತಿದ್ದದ್ದು ಇದೇ. ಅವನ ಮೇಲೆ ಬಿದ್ದದ್ದೂ ಇದೇ. “ಆವತ್ತು ನನಗೆ ಮೈಮೇಲೆ ಎಚ್ಚರವೇ ಇರಲಿಲ್ಲ ಲೀಲಾವತಿ. ಕೈ ತನ್ನ ಪಾಡಿಗೆ ಕೆಲಸ ಮಾಡ್ತಿತ್ತು,” ಎಂದರು ಅವರು ಮುಂದೆ.

ಬೆಳಕು ಇನ್ನೂ ಪೂರ್ತಿ ಹೋಗಿರಲಿಲ್ಲ. ಉಮೇದ್ ಸಿಂಗ್ ಕಟ್ಟಿಗೆ ಹೊತ್ತಿಸಿ ಅಡುಗೆಗೆ ಹೋಗಿದ್ದ. ಬೋಪಣ್ಣ ಆಡಿ ದಣಿದು ಟೆಂಟಿನೊಳಗೆ ನಿದ್ದೆ ಹೋಗಿದ್ದ. ದೇಚಮ್ಮನವರು ಬಾಳೆಹಣ್ಣು ಕಿವುಚಿ, ಹಿಟ್ಟು ಹಾಕಿ, ತಂಬುಟ್ಟು ಕಲಸಿದರು. ಪೂವಿ ದಿಬ್ಬದಿಂದ ಇಳಿದು ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು.

“ಅಜ್ಜಿ, ಅಜ್ಜಂದು ನಾನು ಹಾಕ್ಲಾ?”

“ಹಾಕು ಮಗಾ.”

ಮರಳಿನ ಮೇಲೆ ಎಲೆಯ ತುಂಡು ಹಾಸಿದರು. ಪೂವಿ ಒಂದು ಮುದ್ದೆ ತಂಬುಟ್ಟು ಇಟ್ಟಳು. ದೇಚಮ್ಮನವರು ರಮ್ಮಿನ ಪುಟ್ಟ ಲೋಟ ಇಟ್ಟರು. ಎಳ್ಳು ಉದುರಿಸಿದರು. ಆಮೇಲೆ ಒದ್ದೆ ಬಟ್ಟೆಯಿಂದ ಇನ್ನೊಂದು ತುಂಡು ಎಲೆ ತೆಗೆದು ಅದರ ಪಕ್ಕಕ್ಕೆ ಹಾಸಿದರು. ತಂಬುಟ್ಟು ಇಟ್ಟರು. ಬಾಟಲಿಯ ಮುಚ್ಚಳ ತಿರುಗಿಸಿ, ಬೆರಳಿನಿಂದ ಒಂದು ಹೋಳು ಉಪ್ಪಿನಕಾಯಿ ತೆಗೆದು, ತಂಬುಟ್ಟಿಗೆ ಒರಗಿಸಿ ಇಟ್ಟರು. ಕೈಮುಗಿದರು.

“ಇದು ಯಾರಿಗೆ ಅಜ್ಜಿ?”

ಕಣ್ಣು ತೆರೆದಾಗಷ್ಟೇ ಅವರಿಗೆ ತಾವು ಮಾಡಿದ್ದು ಕಂಡಿತು. ಅಲ್ಲಿ ಹಿಂದಿನ ಬಾಲ್ಕನಿ ಇರಲಿಲ್ಲ, ಬಟ್ಟೆ ಒಣಗಿಸುವ ತಂತಿ ಇರಲಿಲ್ಲ. ಎರಡೂ ಎಲೆಗಳು ಬೆಂಕಿಯ ಬೆಳಕಿನಲ್ಲಿ ಒಂದರ ಪಕ್ಕ ಒಂದಿದ್ದವು.

“ಅದು… ಅಜ್ಜನ ಅಪ್ಪನಿಗೆ. ಹಿರಿಯರಿಗೆಲ್ಲ ಸೇರಿಸಿ.”

ಪೂವಿ ಬಗ್ಗಿ ಉಪ್ಪಿನಕಾಯಿ ನೋಡಿದಳು. “ಅಚಾರ್,” ಎಂದಳು. ಮೊದಲು ಅವಳಿಗೆ ನಗುವೇ ಬಂತಂತೆ. “ತಂಬುಟ್ಟಿಗೆ ಅಚಾರ್! ಅಜ್ಜನ ಅಪ್ಪ ಕೂಡ ಪಾಪಾ ಥರಾನೇ…” ಎನ್ನುತ್ತ ನಿಲ್ಲಿಸಿದಳು. ಇಡೀ ಕೊಡಗಿನಲ್ಲಿ ಹಾಗೆ ತಿನ್ನುವವರು ಒಬ್ಬರೇ ಎಂಬುದು ಅವಳಿಗೆ ಬಾಯಿಪಾಠವಾಗಿತ್ತು. ಅಜ್ಜಿಯ ಮುಖ ನೋಡಿದಳು. ಟೆಂಟಿನ ಬಾಗಿಲಿಗೆ ಬಂದು ನಿಂತಿದ್ದ ಅಮ್ಮನ ಮುಖ ನೋಡಿದಳು.

“ಯೇ ತೋ ಮರೇ ಹುಏ ಲೋಗೋಂ ಕಾ ಹೋತಾ ಹೈ,” ಎಂದಳು. ಆಮೇಲೆ ಕನ್ನಡದಲ್ಲಿ, ನಿಧಾನವಾಗಿ, “ಇದು ಸತ್ತು ಹೋದವರಿಗೆ ಇಡೋದು ಅಂತ ನೀವೇ ಹೇಳಿದ್ರಿ ಅಜ್ಜಿ.”

ಪ್ರೇರಣಾ ಬೆಳಗಿನ ಹೊತ್ತಿಗೆಂದು ಮಾತುಗಳನ್ನು ಜೋಡಿಸಿಟ್ಟುಕೊಂಡಿದ್ದಳು, ನಕ್ಷತ್ರದ ಮಾತು, ದೇವರ ಮಾತು. “ಪೂವಿ, ಇಲ್ಲಿ ಬಾ ಕಂದ,” ಎಂದಳು ಅಷ್ಟೇ.

ಪೂವಿ ಹೋಗಲಿಲ್ಲ. ಎರಡನೆಯ ಎಲೆಯನ್ನು ಎರಡು ಕೈಯಿಂದಲೂ ಎತ್ತಿಕೊಂಡು ದೂರ ಸರಿದು ಕೂತಳು. “ಪಾಪಾಗೆ ಇಡಬಾರದು,” ಎಂದಳು. “ಪಾಪಾ ಟೆಂಟಲ್ಲಿದ್ದಾರೆ. ಉಧರ್.” ಎಂದವಳೇ ಆ ತಂಬುಟ್ಟನ್ನು ತಾನೇ ತಿನ್ನತೊಡಗಿದಳು. ದೊಡ್ಡ ದೊಡ್ಡ ತುತ್ತು. ಎಲೆ ಖಾಲಿಯಾದರೆ ಅದು ಮೀದಿ ಅಲ್ಲ, ಮೀದಿ ಅಲ್ಲದಿದ್ದರೆ ಪಾಪಾ ಸತ್ತಿಲ್ಲ, ಇಷ್ಟೇ ಅವಳ ತಿಳಿವಳಿಕೆ. ಉಪ್ಪಿನಕಾಯಿಯ ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಖಾರ ತಿನ್ನದ ಮಗು, ಆದರೂ ನಿಲ್ಲಿಸಲಿಲ್ಲ.

ಸತ್ತವರ ಎಲೆಗೆ ಬದುಕಿರುವವರು ಹೀಗೆ ಕೈ ಹಾಕಬಾರದು. ದೇಚಮ್ಮನವರ ಕೈ ಕಸಿದುಕೊಳ್ಳಲು ಮುಂದೆ ಹೋಯಿತು. ಅರ್ಧದಲ್ಲೇ ನಿಂತಿತು. ಮೂರು ವರ್ಷ ಬಾಗಿಲು ಹಾಕಿಕೊಂಡು ಬಾಲ್ಕನಿಯಲ್ಲಿ ಅಳಿಲುಗಳಿಗೆ ಇಟ್ಟು ಬಂದದ್ದನ್ನು ಮೊದಲ ಸಲ ಅವನ ಮಗಳು ತಿನ್ನುತ್ತಿದ್ದಳು.

ಎಲೆ ಖಾಲಿಯಾಯಿತು. ಪೂವಿ ಅದನ್ನು ಬೋರಲು ಹಾಕಿ ತೋರಿಸಿದಳು. “ಖತಮ್. ಈಗ ಬರ್ತಾರಲ್ವಾ?”

ಅವಳು ಕೇಳಿದ್ದು ಅಮ್ಮನನ್ನಲ್ಲ, ಅಜ್ಜಿಯನ್ನು. ಬರುತ್ತಾರೆ ಎಂದು ಯಾವತ್ತೂ ಹೇಳಿದ್ದು ಅಜ್ಜಿಯೇ. ಬಾಯಿ ಬಿಡುವುದಿಲ್ಲ ಎಂದು ಬಂದಿದ್ದ ದೇಚಮ್ಮನವರು ಮರಳಿನ ಮೇಲೆ ಮೊಣಕಾಲೂರಿ ಅವಳ ಹತ್ತಿರ ಹೋದರು. ಸೆರಗಿನಿಂದ ಅವಳ ಬಾಯಿಯ ಎಣ್ಣೆ ಒರೆಸಿದರು.

“ಬರಲ್ಲ ಮಗಾ,” ಎಂದರು. “ನನ್ನ ಯಶು ಸತ್ತು ಹೋದ. ನಿನಗೆ ಮೈತುಂಬ ಗುಳ್ಳೆ ಎದ್ದಿತ್ತಲ್ಲ, ಆವಾಗಲೇ. ಇಲ್ಲೇ, ಈ ಮರಳಲ್ಲೇ.”

ಮಗನ ವಿಷಯದಲ್ಲಿ ಸತ್ತು ಹೋದ ಎಂಬ ಮಾತು ಅವರ ಬಾಯಿಂದ ಅಲ್ಲಿಯವರೆಗೆ ಬಂದಿರಲಿಲ್ಲ. ಕೊಡಗಿನಲ್ಲಿ ಜನ ಸೇರಿದ್ದಾಗಲೂ ಇಲ್ಲ. ಹೇಳಿದ ಮೇಲೆ, ಅವರೇ ಮೊದಲ ಸಲ ಕೇಳಿದವರಂತೆ, ಅಲ್ಲೇ ಕುಸಿದು ಒಂದು ಕಡೆಗೆ ಒರಗಿಬಿಟ್ಟರು. ಪ್ರೇರಣಾ ಓಡಿ ಬಂದು ಇಬ್ಬರನ್ನೂ ತಬ್ಬಿದಳು. ಮೂರು ವರ್ಷದಿಂದ ನಲ್ಲಿಯ ಸದ್ದಿನ ಹಿಂದೆ ಅಳುತ್ತಿದ್ದವಳು ಆವತ್ತು ಬಾಯಿ ತೆರೆದು ಅತ್ತಳು. ರೊಟ್ಟಿಯ ಬುಟ್ಟಿ ಹಿಡಿದು ಬಂದ ಉಮೇದ್ ಸಿಂಗ್ ದೂರದಲ್ಲೇ ಅದನ್ನು ಇಟ್ಟು, ಪಗಡಿ ಸರಿಮಾಡಿಕೊಂಡು ಹಿಂದಿರುಗಿದ.

ಪೂವಿ ಮಾತ್ರ ಅಳಲಿಲ್ಲ. “ಪಾನೀ,” ಎಂದಳು. ನೀರು ಕುಡಿದಳು. ಪಾಪಾಗೆ ಚಳಿ ಆಗ್ತಿತ್ತಾ ಎಂದು ಒಂದು ಸಲ ಕೇಳಿದಳು. ಆಮೇಲೆ ಅಮ್ಮನ ತೊಡೆಯ ಮೇಲೆ ತಲೆಯಿಟ್ಟು ಬೆಂಕಿ ನೋಡುತ್ತ ಮಲಗಿದಳು. ಬೆಳಿಗ್ಗೆ ಬೋಪಣ್ಣ ಒಂಟೆ ಹತ್ತಿ ಕೂಗಾಡಿದ. ಪೂವಿ ಹತ್ತುವುದಿಲ್ಲ ಎಂದಳು. ಜೀಪು ಹೊರಡುವಾಗ ಆ ದಿಬ್ಬದ ಕಡೆ ಅವಳು ತಿರುಗಿ ನೋಡಲಿಲ್ಲ.

ದೆಹಲಿಗೆ ಬಂದ ಮೇಲೆ ಮನೆಯಲ್ಲಿ ಹೆಚ್ಚೇನೂ ಬದಲಾಗಲಿಲ್ಲ. ಯಶ್ವಂತನ ಫೋಟೋಗೆ ಹಾರ ಬಂತು. ಗುಡ್ ಮಾರ್ನಿಂಗ್ ನಿಂತುಹೋಯಿತು. ವಾರ್ಷಿಕೋತ್ಸವದ ದಿನ ಪೂವಿ ಮರದ ವೇಷ ಹಾಕಿಕೊಂಡು ವೇದಿಕೆಯ ಮೂಲೆಯಲ್ಲಿ ಅಲ್ಲಾಡದೆ ನಿಂತಿದ್ದಳು. ಲೀಲಾವತಿ ಚಪ್ಪಾಳೆ ತಟ್ಟಿ ಬಂದಳು. ದೇಚಮ್ಮನವರು ತಾರಸಿಗೆ ಬರುವುದು ಕಡಿಮೆಯಾಯಿತು. ಬಂದರೂ ಬಟಾಣಿ ಬುಟ್ಟಿ ಮುಂದಿಟ್ಟುಕೊಂಡು ಸುಮ್ಮನೆ ಕೂರುತ್ತಿದ್ದರು. ಅಲ್ಲಿಂದ ಬಂದ ಮೇಲೆ ಅವರ ನೆಟ್ಟಗಿನ ಬೆನ್ನು ಸ್ವಲ್ಪ ಬಾಗಿತ್ತು. ಉಪ್ಪಿನಕಾಯಿಯ ತಮಾಷೆಯನ್ನು ಅವರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ.

ಜನವರಿಯ ಕೊನೆಯಲ್ಲಿ ಅವರು ಎಂದಿನಂತೆ ಕ್ಯಾಂಟೀನಿಗೆ ಹೋಗಿ ಬಂದರು. ನಾನು ಆಗ ಆಫೀಸಿನಿಂದ ಬಂದು ಮೆಟ್ಟಿಲು ಹತ್ತುತ್ತಿದ್ದೆ. ಬಾಗಿಲು ತೆರೆದಿತ್ತು. ಎರಡು ಚೀಲ ಹೊಸ್ತಿಲ ಮೇಲಿಟ್ಟು, ಎರಡು ಚಾಕೊಲೇಟ್ ಕೈಯಲ್ಲಿ ಹಿಡಿದು ಅವರು ನಿಂತಿದ್ದರು. ಅಭ್ಯಾಸದಿಂದ ತಂದಿದ್ದರು. ಏನೆಂದು ಕೂಗಬೇಕೋ ತಿಳಿದಂತಿರಲಿಲ್ಲ.

ಬೋಪಣ್ಣ ಒಳಗಿನಿಂದ ಓಡಿ ಬಂದ. “ಅಜ್ಜಿ, ಪಾಪಾ ನೇ ಭೇಜಾ?” ಪಾಪಾ ಕಳಿಸಿದ್ದಾ ಎಂದು ಕೇಳಿದ.

ಅವನಿಗೆ ಇನ್ನೂ ಏನೂ ಗೊತ್ತಿರಲಿಲ್ಲ. ಆವತ್ತು ಅವನು ಟೆಂಟಿನೊಳಗೆ ನಿದ್ದೆಯಲ್ಲಿದ್ದ, ಆಮೇಲೆ ಅವನಿಗೆ ಹೇಳುವಷ್ಟು ಬಲ ಯಾರಲ್ಲೂ ಉಳಿದಿರಲಿಲ್ಲ. ಒಳಗೆ ಹೋಮ್‌ವರ್ಕ್ ಬರೆಯುತ್ತಿದ್ದ ಪೂವಿ ಎದ್ದು ಬಂದಳು. ಅಜ್ಜಿಯ ಕೈಯಿಂದ ಒಂದು ಚಾಕೊಲೇಟ್ ತೆಗೆದು ತಮ್ಮನಿಗೆ ಕೊಟ್ಟಳು.

“ಹಾಂ, ಪಾಪಾ ನೇ ಭೇಜಾ ಹೈ,” ಎಂದಳು. “ಪಾಪಾ ಮರಳಲ್ಲಿ ಟೆಂಟ್ ಹಾಕ್ಕೊಂಡಿದ್ದಾರೆ. ಕೆಲಸ ಮುಗಿದ ಮೇಲೆ ಬರ್ತಾರೆ.”

ಅದೇ ಮಾತು, ಅದೇ ದನಿ. ಆರು ವರ್ಷದ ಹುಡುಗಿ ಅಜ್ಜಿಯ ಕಡೆ ನೋಡಿ, ಸರಿಯಾಯಿತಾ ಎನ್ನುವಂತೆ, ಹುಬ್ಬು ಎತ್ತಿದಳು.

ದೇಚಮ್ಮನವರು ಹೊಸ್ತಿಲ ಮೇಲೆಯೇ ಕೂತುಬಿಟ್ಟರು. ಪೂವಿಯ ತೋಳು ಹಿಡಿದು ಹತ್ತಿರ ಎಳೆದುಕೊಂಡರು. ಇನ್ನೊಂದು ಕೈಯಿಂದ ಬೋಪಣ್ಣನ ಗಲ್ಲ ಹಿಡಿದು ತಮ್ಮ ಕಡೆ ತಿರುಗಿಸಿದರು.

“ಇಲ್ಲ ಬೋಪು,” ಎಂದರು. “ಅಕ್ಕ ಹೇಳಿದ್ದು ನಾನು ಕಲಿಸಿದ ಮಾತು. ಇದು ನಾನೇ ತಂದಿದ್ದು. ಯಾವಾಗಲೂ ನಾನೇ ತರ್ತಿದ್ದದ್ದು. ಪಾಪಾ ಸತ್ತು ಹೋಗಿದ್ದಾರೆ. ಅಜ್ಜನ ಹಾಗೆ.”

ಬೋಪಣ್ಣ ಅಜ್ಜಿಯನ್ನು ನೋಡಿದ, ಗೋಡೆಯ ಮೇಲಿನ ಎರಡು ಹಾರಗಳನ್ನು ನೋಡಿದ. “ಅಚ್ಛಾ,” ಎಂದು ಚಾಕೊಲೇಟಿನ ಕಾಗದ ಬಿಡಿಸತೊಡಗಿದ.

ಪೂವಿ ಅಜ್ಜಿಯ ಹೆಗಲಿಗೆ ಮುಖ ಒತ್ತಿಕೊಂಡು, ಆ ಮರಳುಗಾಡಿನಲ್ಲಿ ಅಳದೇ ಉಳಿದದ್ದನ್ನೆಲ್ಲ ಅಳುತ್ತಿದ್ದಳು. ಅವಳ ಪಾಲಿನ ಚಾಕೊಲೇಟ್ ಚೀಲದ ಮೇಲೆ ಹಾಗೆಯೇ ಬಿದ್ದಿತ್ತು.